ಏಳನೇ ಕೊಕ್ಕೆಯ ಕನ್ನಡಿ

"ಟ್ಯಾಂಕು ತುಂಬಿ ಹರೀತಿದೆ! ಮನೇಲಿ ಯಾರೂ ಇಲ್ವಾ?"

ಕೆಳಮನೆಯವರ ಕೂಗಿಗೆ ನಾನೂ ಅತ್ತೆಯೂ ಒಟ್ಟಿಗೆ ಅಡುಗೆಮನೆಯಿಂದ ಹೊರಗೆ ಬಂದೆವು. ಮೆಟ್ಟಿಲ ಮೇಲೆ ನೀರು ಇಳಿದು ಬರುತ್ತಿತ್ತು. ಮೋಟಾರು ಹಾಕಿದ್ದು ಅತ್ತೆ. ಆರಿಸುವವರು ಯಾರು ಎಂದು ಇಬ್ಬರೂ ಯೋಚಿಸಿರಲಿಲ್ಲ. ಈ ಮನೆಯಲ್ಲಿ ಮೋಟಾರು ತಾನಾಗಿಯೇ ಆರುತ್ತದೆ ಎಂದು ನಾನು ಮೂರು ವರ್ಷ ನಂಬಿಕೊಂಡಿದ್ದೆ.

"ಅವನೇ ಆರಿಸ್ತಿದ್ದ ಕಣೆ," ಅಂದರು ಅತ್ತೆ, ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡೇ.

ನನ್ನ ಗಂಡನ ಅಂತ್ಯಕ್ರಿಯೆ ಮುಗಿದು ಹದಿನೈದು ದಿನ. ಉಳಿದಿದ್ದ ನೆಂಟರು ನಿನ್ನೆ ಹೊರಟಿದ್ದರು. ಇದು ಮೊದಲ ಮಾಮೂಲಿ ಬೆಳಗು. ನಾನು ಬ್ಯಾಗು ತೆಗೆದುಕೊಂಡೆ.

"ರಜೆ ಇನ್ನೂ ಇದೆಯಲ್ಲೇ?"

"ಇದೆ ಅತ್ತೆ. ಆದ್ರೂ ಹೋಗ್ತೀನಿ."

"ಹೋಗು. ನಿನ್ನ ಮುಖ ನಾನು, ನನ್ನ ಮುಖ ನೀನು, ಎಷ್ಟು ಹೊತ್ತು ಅಂತ ನೋಡೋದು."

ನಾನೂ ನನ್ನ ಗಂಡನೂ ಒಂದೇ ಶಾಲೆಯಲ್ಲಿದ್ದೆವು. ನಾನು ಐದನೇ ತರಗತಿಗೆ, ಅವರು ವಿಜ್ಞಾನಕ್ಕೆ. ವಿಜ್ಞಾನ ಕೋಣೆಯ ಮೆಟ್ಟಿಲಲ್ಲಿ ಕಾಲು ಜಾರಿ ಬಿದ್ದು ಹೋದರು ಎಂದು ಎಲ್ಲರೂ ಹೇಳುತ್ತಾರೆ. ಜಾರಿದ್ದನ್ನು ನೋಡಿದವರಿಲ್ಲ.

ಶಾಲೆಯ ಆಫೀಸಿನ ಮುಂದಿನ ಜಗಲಿಯಲ್ಲಿ, ಸ್ಟೂಲಿನ ಮೇಲೆ, ರಾಕೆಟ್ ಕೂತಿದ್ದಳು.

ನನ್ನ ತರಗತಿಯ ಹುಡುಗಿ. ಪಾಠದ ನಡುವೆ ಕೇಳದೆ ಹೇಳದೆ ಎದ್ದು ಓಡಿಬಿಡುತ್ತಾಳೆ ಎಂದು ಸ್ಟಾಫ್ ರೂಮಿನಲ್ಲಿ ಇಟ್ಟ ಹೆಸರು. ನನ್ನನ್ನು ನೋಡಿ ಎದ್ದು ನಿಂತಳು. ಕಣ್ಣು ಮಾತ್ರ ನನ್ನ ಹೆಗಲ ಆಚೆ, ಮೈದಾನದ ಕಡೆ ಇತ್ತು.

"ಒಳ್ಳೇ ದಿನ ನೋಡ್ಕೊಂಡು ಬಂದಿದೀರಮ್ಮ," ಅಂದರು ದೊಡ್ಡ ಮೇಡಂ. ನಮ್ಮ ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ಹಾಗೇ ಕರೆಯುವುದು. ಒಂದು ಹಾಳೆಯನ್ನು ನನ್ನತ್ತ ತಳ್ಳಿದರು. ರಾಕೆಟ್‌ನ ಟಿಸಿ. ಬಿಡಲು ಕಾರಣ ಎಂಬ ಜಾಗದಲ್ಲಿ ‘ಕಳ್ಳತನ’ ಎಂದಿತ್ತು.

"ಇದನ್ನ ಓದಿದ ಮೇಲೆ ಯಾವ ಶಾಲೆಯವರು ಇವಳನ್ನ ಸೇರಿಸ್ಕೋತಾರೆ ಮೇಡಂ?"

"ಅದು ನನಗೂ ಗೊತ್ತು. ಆದ್ರೆ ಎಷ್ಟು ಅಂತ ಸಹಿಸ್ಕೊಳ್ಳಲಿ? ಪಾಠ ಕೇಳಲ್ಲ. ಗಂಟೆ ಹೊಡೆದಾಗಲೆಲ್ಲ ಕತ್ತು ತಿರುಗಿಸಿ ಹಿಂದೆ ನೋಡ್ತಾಳೆ. ಮಾನಿಟರ್ ಹುಡುಗಿ ಕೈ ಕಚ್ಚಿದಾಳೆ. ಈಗ ಕನ್ನಡಿ."

ಪಕ್ಕದ ಕುರ್ಚಿಯಲ್ಲಿದ್ದ ಡ್ರಿಲ್ ಮಾಸ್ಟರ್ ಕೊರಳಿನ ಸೀಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

"ಶನಿವಾರ ಶಾಲೆ ಬಿಟ್ಟ ಮೇಲೆ ಮೇಡಂ. ನಾನು ಮೇಲಿನ ಕಾರಿಡಾರಿನ ಆ ತುದಿಯಲ್ಲಿದ್ದೆ. ಇವಳು ಕನ್ನಡಿ ಹಿಡ್ಕೊಂಡು ವಿಜ್ಞಾನ ಕೋಣೆಯಿಂದ ಓಡಿ ಹೋದಳು. ಕಣ್ಣಾರೆ ಕಂಡಿದೀನಿ."

ವಿಜ್ಞಾನ ಕೋಣೆಯ ಬೀರುವಿಗೆ ಒಂದು ನಿಯಮವಿದೆ. ಸಾಮಾನುಗಳು ನಂಬರು ಹಾಕಿದ ಕೊಕ್ಕೆಗಳಲ್ಲಿ ನೇತಾಡುತ್ತವೆ. ಯಾವ ಮೇಷ್ಟ್ರು ಏನು ಒಯ್ದರೂ ಆ ಕೊಕ್ಕೆಗೆ ತಮ್ಮ ಹೆಸರಿನ ಹಿತ್ತಾಳೆ ಬಿಲ್ಲೆ ಹಾಕಿ ಹೋಗಬೇಕು. ವಸ್ತು ಇರಬೇಕು, ಇಲ್ಲವೇ ಬಿಲ್ಲೆ ಇರಬೇಕು. ಏಳನೇ ಕೊಕ್ಕೆಯಲ್ಲಿ ಎರಡೂ ಇರಲಿಲ್ಲ. ಹಿಡಿಯಿರುವ ಕನ್ನಡಿಯೊಂದು ಅಲ್ಲಿರಬೇಕಿತ್ತು.

ನಾನು ಹೊರಗೆ ಹೋಗಿ ಸ್ಟೂಲಿನ ಮುಂದೆ ಕುಕ್ಕರುಗಾಲಲ್ಲಿ ಕೂತೆ.

"ಕನ್ನಡಿ ನಿನ್ನ ಹತ್ರ ಇದೆಯಾ?"

ಇದೆ ಅನ್ನಲಿಲ್ಲ. ಇಲ್ಲ ಅನ್ನಲಿಲ್ಲ. ತುಟಿಯನ್ನು ಒಳಗೆಳೆದುಕೊಂಡು ಮೈದಾನದ ಕಡೆ ನೋಡಿದಳು. ಕಳ್ಳರು ಮೊದಲು ಹೇಳುವುದು ‘ನಾನಲ್ಲ’ ಎಂದು. ಅಷ್ಟನ್ನೂ ಹೇಳದವಳು ಏನನ್ನೋ ಬಚ್ಚಿಟ್ಟಿದ್ದಾಳೆ, ಆದರೆ ಅದು ಕನ್ನಡಿಯಲ್ಲ.

"ಸಂಜೆ ಗಂಟೆ ಹೊಡೆಯೋವರೆಗೂ ಸಮಯ ಕೊಡಿ," ಎಂದೆ ಒಳಗೆ ಬಂದು.

"ಕನ್ನಡಿ ಬಂದ್ರೆ ಮಾತಾಡೋಣ. ಬರದಿದ್ರೆ ನೀವು ಸಹಿ ಹಾಕ್ತೀರಿ," ಅಂದರು ದೊಡ್ಡ ಮೇಡಂ.

"ನೀವು ದುಃಖದಲ್ಲಿದೀರಿ ಮೇಡಂ," ಅಂದರು ಡ್ರಿಲ್ ಮಾಸ್ಟರ್. "ಇದನ್ನೆಲ್ಲ ಯಾಕೆ ತಲೆಗೆ ಹಚ್ಕೋತೀರಿ?"

ದುಃಖ ಎಲ್ಲಿದೆ ಎಂದು ನನಗೇ ಸರಿಯಾಗಿ ಸಿಕ್ಕಿರಲಿಲ್ಲ. ಹಾಜರಿ ಪುಸ್ತಕ ಎತ್ತಿಕೊಂಡು ಮಹಡಿ ಹತ್ತಿದೆ.

ಮಕ್ಕಳು ಪಿಸುಗುಟ್ಟಿದರು, ಆಮೇಲೆ ತೆಪ್ಪಗಾದರು. ಯಾರೋ ಅವರಿಗೆ ‘ಟೀಚರ್ ಮುಂದೆ ನಗಬೇಡಿ’ ಎಂದು ಹೇಳಿಕೊಟ್ಟಿರಬೇಕು. ಲೆಕ್ಕ ಕೊಟ್ಟು, ನಾನು ಹಿಂದಿನ ಬೆಂಚಿನಲ್ಲಿ ಕೂತೆ.

ಮಾನಿಟರ್ ಹುಡುಗಿ ತಾನಾಗಿಯೇ ಬಂದಳು. "ಟೀಚರ್, ನೋಡಿ ಹಲ್ಲಿನ ಗುರುತು. ಇನ್ನೂ ಹೋಗಿಲ್ಲ."

"ನೀನೇನು ಮಾಡಿದ್ದೆ?"

"ಏನೂ ಇಲ್ಲಪ್ಪ! ಧೂಳು ಬರ್ತಿತ್ತು, ಕಿಟಕಿ ಹಾಕಿದೆ, ಅಷ್ಟೇ. ಬಂದು ಲಬಕ್ ಅಂತ ಕಚ್ಚಿದಳು."

ಕಿಟಕಿ ಹಾಕಿದ್ದಕ್ಕೆ. ಅದೂ ಕಿಟಕಿಯ ಪಕ್ಕ ಕೂರದ ಹುಡುಗಿ. ಹೊರಗೆ ನೋಡುತ್ತ ಕೂರುತ್ತಾಳೆ ಎಂದು ಈ ವರ್ಷದ ಮೊದಲಲ್ಲೇ ನಾನು ಅವಳನ್ನು ಒಳಗೋಡೆಯ ಪಕ್ಕಕ್ಕೆ ಕೂರಿಸಿದ್ದೆ.

ಹಾಜರಿ ಪುಸ್ತಕ ತೆರೆದೆ. ಈ ಎರಡು ತಿಂಗಳಲ್ಲಿ ಅವಳು ಓಡಿಹೋದ ದಿನಗಳು ಒಂಬತ್ತು. ಒಂಬತ್ತಕ್ಕೂ ಅರ್ಧ ದಿನ ಎಂದು ಗುರುತು. ವಾರ ಬೇರೆ ಬೇರೆ. ಪಾಠ ಬೇರೆ ಬೇರೆ. ಪರೀಕ್ಷೆಗೂ ಸಂಬಂಧವಿಲ್ಲ.

ತಲೆಯೆತ್ತಿದಾಗ ಎದುರಿಗೆ ಕಂಡಿದ್ದು ಹವಾಮಾನ ಪಟ್ಟಿ. ನನ್ನ ಗಂಡ ಮಕ್ಕಳಿಂದ ಮಾಡಿಸಿದ್ದು. ದಿನಕ್ಕೊಂದು ಮನೆ, ಬಿಸಿಲಿದ್ದರೆ ಹಳದಿ ಸೂರ್ಯ, ಇಲ್ಲದಿದ್ದರೆ ಬೂದು ಮೋಡ. ಏನೋ ತೋಚಿ ತಾರೀಖು ಹೋಲಿಸಿದೆ.

ಒಂಬತ್ತರಲ್ಲಿ ಎಂಟು ಮೋಡ.

ಅವರು ಹೋದ ದಿನವೂ ಅದರಲ್ಲಿತ್ತು. ಆ ದಿನದ ಆಕಾಶ ನನಗೆ ಚೆನ್ನಾಗಿ ನೆನಪಿದೆ. ಬೇರೇನೂ ನೆನಪಿಲ್ಲ.

ಮೋಡ ಬಂದರೆ ಓಡುತ್ತಾಳೆ. ಹಾಗಾದರೆ ಬಿಸಿಲಿದ್ದರೆ ಏನಿರುತ್ತದೆ?

ಕೆಳಗೆ ಗಂಟೆ ಹೊಡೆಯಿತು. ನಾನು ಅವಳ ಹಾಗೆ ಕತ್ತು ತಿರುಗಿಸಿ ಹಿಂದಿನ ಗೋಡೆ ನೋಡಿದೆ. ಭೂಪಟದ ಮೇಲೆ ತಟ್ಟೆಯಗಲದ ಬೆಳಕೊಂದು ಬಂದು ಬಿತ್ತು. ನಡುಗಿತು. ಮೂರು ಸಲ ಎಡಕ್ಕೆ ಬಲಕ್ಕೆ ಆಡಿ ಹೊರಟುಹೋಯಿತು.

"ಅದು ದಿನಾ ಬರುತ್ತೆ ಟೀಚರ್," ಅಂದಳು ಮಾನಿಟರ್. "ರಾಕೆಟ್ ಬಿಡೋದು. ಕನ್ನಡಿ ಕದ್ದಿದಾಳಲ್ಲ, ಅದರಲ್ಲಿ."

"ರಾಕೆಟ್ ಈಗೆಲ್ಲಿದಾಳೆ?"

"ಆಫೀಸ್ ಮುಂದೆ, ಸ್ಟೂಲ್..." ಅವಳ ಬಾಯಿ ತೆರೆದೇ ಉಳಿಯಿತು.

ಕಿಟಕಿಗೆ ಹೋದೆ. ಮೈದಾನ, ಕಾಂಪೌಂಡ್, ಒಂದು ಓಣಿ. ಓಣಿಯಾಚೆಯ ಮನೆಯ ತಾರಸಿಯ ಮೇಲೆ ಒಂಟಿ ಕೋಣೆ. ಅದರ ಬಾಗಿಲಲ್ಲಿ ಒಂದು ಕೈ ಒಳಗೆ ಸರಿಯಿತು.

ಮೆಟ್ಟಿಲಿಳಿಯುವಾಗ ಅಟೆಂಡರ್ ತಾತ ಎದುರಾದರು. ಗಂಟೆ ಹೊಡೆಯುವುದು, ಬೀರುಗಳ ಬೀಗ ತೆಗೆಯುವುದು, ಎಲ್ಲ ಅವರೇ. ಕೈಯಲ್ಲೊಂದು ಬಟ್ಟೆಚೀಲ.

"ಟೀಚರಮ್ಮ, ಸಾರ್ ಸಾಮಾನು. ನಿಮ್ಮ ಕೈಗೇ ಕೊಡಬೇಕು ಅಂತ ಇಟ್ಕೊಂಡಿದ್ದೆ."

ಕನ್ನಡಕದ ಡಬ್ಬಿ. ಎರಡು ಕೆಂಪು ಪೆನ್ನು. ಅರ್ಧ ಖಾಲಿಯಾದ ಪೆಪ್ಪರಮೆಂಟಿನ ಪೊಟ್ಟಣ. ಅಡಿಯಲ್ಲಿ, ಉಜ್ಜಿ ಹೊಳಪು ಬರಿಸಿದ ಹಿತ್ತಾಳೆ ಬಿಲ್ಲೆ.

"ತಾತ, ಇದು ಎಲ್ಲಿತ್ತು?"

"ಬೀರುವಿನಲ್ಲಿ ನೇತಾಡ್ತಿತ್ತು ತಾಯಿ. ಹೋದವರ ಹೆಸರು ಹಾಗೆ ಕೊಕ್ಕೆಗೆ ನೇತಾಡೋದು ನೋಡೋಕಾಗಲಿಲ್ಲ. ಮಾರನೇ ದಿನವೇ ತೆಗೆದು, ಹುಣಸೆಹಣ್ಣು ಹಾಕಿ ಉಜ್ಜಿ ಇಟ್ಟೆ."

"ಯಾವ ಕೊಕ್ಕೆ?"

ತಾತ ಗಾಳಿಯಲ್ಲಿ ಬೆರಳಾಡಿಸಿ ಎಣಿಸಿದರು. ಏಳಕ್ಕೆ ಬಂದಾಗ ಬೆರಳು ನಿಂತಿತು. ಮುಖದ ಬಣ್ಣ ಇಳಿಯಿತು.

"ಅಯ್ಯೋ... ಆ ಮಗು..."

"ನೀವು ಒಳ್ಳೇದಕ್ಕೇ ಮಾಡಿದ್ದು ತಾತ."

"ಒಳ್ಳೇದಕ್ಕೆ ಮಾಡಿ ಒಂದು ಕೂಸನ್ನ ಕಳ್ಳಿ ಮಾಡಿದೆನಲ್ಲ ತಾಯಿ!"

ಕನ್ನಡಿ ಒಯ್ದವರು ನನ್ನ ಗಂಡ. ಎದೆಯ ಮೇಲಿಂದ ಯಾರೋ ಕಾಲು ತೆಗೆದ ಹಾಗಾಯಿತು. ಆದರೆ ಬಿಲ್ಲೆಯೊಂದೇ ಸಾಲದು. ಕನ್ನಡಿ ಬೇಕು.

ಮುಂದಿನ ಗಂಟೆಯ ಹೊತ್ತಿಗೆ ಜಗಲಿಯಲ್ಲಿದ್ದೆ. ಬಿಸಿಲು ಇದ್ದಕ್ಕಿದ್ದಂತೆ ಮಾಸಿತು. ತಾತ ಗಂಟೆ ಬಾರಿಸಿದರು. ರಾಕೆಟ್ ತಾರಸಿಯನ್ನೇ ನೋಡುತ್ತ ತುಟಿಯಲ್ಲೇ ಎಣಿಸಿದಳು. ಹತ್ತು. ಇಪ್ಪತ್ತು. ಆಮೇಲೆ ಸ್ಟೂಲು ಉರುಳಿದ ಸದ್ದು.

"ನೋಡಿ, ನೋಡಿ, ಮತ್ತೆ ಓಡಿದಳು!" ದೊಡ್ಡ ಮೇಡಂ ಕೂಗಿದರು.

ನಾನೂ ಓಡಿದೆ. ಸೀರೆ ಎತ್ತಿ ಹಿಡಿದು, ಮೈದಾನದ ನಡುವೆ, ಇಡೀ ಶಾಲೆ ನೋಡುತ್ತಿರುವಾಗ.

ತಾರಸಿಯ ಕೋಣೆಯ ಬಾಗಿಲಲ್ಲಿ ರಾಕೆಟ್ ಏದುಸಿರು ಬಿಡುತ್ತ ನಿಂತಿದ್ದಳು. ಒಳಗೆ ಹೊಲಿಗೆ ಮಿಷನ್ನಿನ ಮುಂದೆ ಅವಳ ತಾಯಿ, ಬಾಯಲ್ಲಿ ಎರಡು ಗುಂಡುಪಿನ್ನು. ಅವನ್ನು ಉಗಿದು ಬೈಯುತ್ತಿದ್ದಳು.

"ಮೋಡ ಕಣೇ ಪುಟ್ಟಿ, ಮೋಡ! ಸೂರ್ಯನನ್ನ ನಾನೇ ಹೊಲಿದು ಕೊಡಬೇಕಾ? ಹೋಗು ಶಾಲೆಗೆ..."

ನನ್ನನ್ನು ನೋಡಿ ಮಾತು ನಿಂತಿತು. ಮಿಷನ್ನಿನ ಪಕ್ಕದಲ್ಲಿದ್ದ ಏನನ್ನೋ ಬಟ್ಟೆಯ ರಾಶಿಯ ಕೆಳಗೆ ತಳ್ಳಿದಳು.

"ಯಾರು ನೀವು?"

"ಇವಳ ಕ್ಲಾಸ್ ಟೀಚರ್. ನೀವು ಈಗ ಬಚ್ಚಿಟ್ಟದ್ದು ಬೇಕಿತ್ತು."

"ಏನೂ ಬಚ್ಚಿಟ್ಟಿಲ್ಲ. ಹೊಲಿಯೋಕೆ ಕೊಡೋದಿದ್ರೆ ಕೊಡಿ. ಇಲ್ಲಾಂದ್ರೆ ನನಗೆ ಕೆಲಸ ಇದೆ."

"ನಿಮ್ಮ ಮಗಳನ್ನ ಶಾಲೆಯಲ್ಲಿ ಕಳ್ಳಿ ಅಂತಿದಾರೆ. ಸಂಜೆ ಟಿಸಿ ಕೊಡ್ತಾರೆ."

ಪೆಡಲಿನ ಮೇಲಿದ್ದ ಕಾಲು ನಿಂತಿತು. "ಪುಟ್ಟಿ? ನನಗೆ ಹೇಳಲೇ ಇಲ್ಲವಲ್ಲೇ?"

"ನೀನೇ ತಾನೇ ಯಾರಿಗೂ ಏನೂ ಹೇಳಬೇಡ ಅಂದಿದ್ದು," ಅಂದಳು ರಾಕೆಟ್. ಅವಳ ಬಾಯಿಂದ ನಾನು ಕೇಳಿದ ಮೊದಲ ಪೂರ್ತಿ ವಾಕ್ಯ ಅದು. ಆಮೇಲೆ ಮೆಲ್ಲಗೆ, "ಅಮ್ಮ, ಇವರು ಬಲ್ಬ್ ಸರ್ ಮನೆಯವರು."

ಮಕ್ಕಳು ಅವರನ್ನು ಹಾಗೇ ಕರೆಯುತ್ತಿದ್ದರು. ಪಾಠ ಅರ್ಥವಾಯಿತೇ ಎನ್ನುವ ಬದಲು ‘ಬಲ್ಬ್ ಹತ್ತಿತಾ?’ ಎಂದು ಕೇಳುತ್ತಿದ್ದರಂತೆ.

ತಾಯಿ ಎದ್ದು ನಿಂತಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಹಳೆಯ ಸುಟ್ಟ ಗಾಯ.

"ಇಸ್ತ್ರಿಪೆಟ್ಟಿಗೆ," ಅಂದಳು, ನಾನು ನೋಡಿದ್ದನ್ನು ನೋಡಿ. "ನನಗೆ ಫಿಟ್ಸ್ ಬರುತ್ತೆ ಟೀಚರ್. ಯಾವಾಗ ಅಂತ ಹೇಳೋಕಾಗಲ್ಲ. ಅವತ್ತು ಇಸ್ತ್ರಿ ಮಾಡ್ತಿದ್ದಾಗ ಬಂತು. ಇವಳು ಶಾಲೆಯಿಂದ ಬಂದು ನೋಡಿದಾಗ ಕೈ ಅದರ ಕೆಳಗೇ ಇತ್ತು. ಆಮೇಲೆ ನನ್ನ ಬಿಟ್ಟು ಹೋಗಲ್ಲ ಅಂತ ಹಟ. ಗಂಟೆ ಹೊಡೆದಾಗ ಕೈ ಬೀಸ್ತೀನಿ, ಕಿಟಕಿಯಿಂದ ನೋಡು ಅಂತ ಒಪ್ಪಿಸಿದ್ದೆ. ಒಂದು ವರ್ಷ ಸರಿಯಾಗೇ ನಡೀತು. ಈ ವರ್ಷ ಯಾರೋ ಇವಳನ್ನ ಕಿಟಕಿಯಿಂದ ಎಬ್ಬಿಸಿ ಗೋಡೆ ಪಕ್ಕ ಹಾಕಿಬಿಟ್ರು."

ನಾನು ಮಿಷನ್ನಿನ ಅಂಚು ಹಿಡಿದುಕೊಂಡೆ. "ನಾನೇ."

ಅವಳ ಡೈರಿಯಲ್ಲಿ ನಾನು ನಾಲ್ಕು ಸಲ ಬರೆದಿದ್ದೆ. ಗಮನವಿಲ್ಲ. ಶಿಸ್ತಿಲ್ಲ. ಪೋಷಕರು ಗಮನಿಸಬೇಕು. ಯಾಕೆ ಎಂದು ಒಂದು ಸಲವೂ ಬರೆದಿರಲಿಲ್ಲ.

"ಆಗ ಗಂಟೆ ಗಂಟೆಗೂ ಮನೆಗೆ ಓಡಿ ಬರೋಕೆ ಶುರು ಮಾಡಿದಳು," ತಾಯಿ ಮುಂದುವರಿಸಿದಳು. "ಒಂದು ದಿನ ಹಿಂದೆಯೇ ಬಲ್ಬ್ ಸರ್ ಬಂದ್ರು. ಬೈಯೋಕೆ ಬಂದ್ರು ಅಂದ್ಕೊಂಡೆ. ಅಲ್ಲಿ ಕೂತು, ಎಲ್ಲ ಕೇಳಿ, ಮಾರನೇ ದಿನ ಕನ್ನಡಿ ತಂದ್ರು. ಮಗು ಎಲ್ಲೇ ಕೂತಿರಲಿ, ಬೆಳಕು ಅಲ್ಲಿಗೆ ಹೋಗುತ್ತೆ ಅಂದ್ರು. ಒಂದು ವಾರ ಅಭ್ಯಾಸ ಮಾಡಿಸಿದ್ರು. ಮೊದಲ ದಿನ ಬೆಳಕು ನಿಮ್ಮ ದೊಡ್ಡ ಮೇಡಂ ಮುಖಕ್ಕೇ ಹೋಯ್ತಂತೆ."

"ಮೋಡ ಇದ್ದ ದಿನ?"

"ಅದೇ ನೋಡಿ. ಅದಕ್ಕೊಂದು ದಾರಿ ಹುಡುಕ್ತೀನಿ ಅಂದಿದ್ರು."

"ಒಂದು ದಿನ ಬಿಸಿಲಿದ್ದೂ ಓಡಿದಾಳೆ."

"ಅವತ್ತು ನಿಜವಾಗ್ಲೂ ಬಿದ್ದಿದ್ದೆ."

ಬಟ್ಟೆಯ ರಾಶಿಯಿಂದ ಕನ್ನಡಿ ತೆಗೆದಳು. ಹಿಡಿಯ ಮೇಲೆ ಬಿಳಿ ಬಣ್ಣದಲ್ಲಿ ಏಳು.

"ಮನೆ ಯಜಮಾನರಿಗೆ ತಿಳಿದ್ರೆ ಖಾಲಿ ಮಾಡಿಸ್ತಾರೆ. ಹೊಲಿಯೋಕೆ ಕೊಡೋರೂ ಕೊಡಲ್ಲ. ಅದಕ್ಕೇ ಮಾತು ತಗೊಂಡಿದ್ದೆ. ಹೆಂಡ್ತಿಗೂ ಹೇಳಲ್ಲ ಅಂದಿದ್ರು. ಹೇಳಿಲ್ವಾ?"

"ಇಲ್ಲ."

ಮನೆಯಲ್ಲಿ ಅವರ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುತ್ತಿರಲಿಲ್ಲ. ನನ್ನ ಹುಟ್ಟಿದ ದಿನಕ್ಕೆ ತಂದ ಉಡುಗೊರೆಯನ್ನು ಎರಡು ದಿನ ಮೊದಲೇ ಬಾಯಿಬಿಡುತ್ತಿದ್ದರು. ಅಂಥವರು ಎರಡು ತಿಂಗಳು ಇದನ್ನು ಹೊತ್ತು ತಿರುಗಿದ್ದರು. ನನಗೆ ನಗು ಬಂತು. ನಗುತ್ತ ನಗುತ್ತ ಕಣ್ಣಲ್ಲಿ ನೀರೂ ಬಂತು. ಹದಿನೈದು ದಿನದಲ್ಲಿ ಎರಡೂ ಮೊದಲ ಸಲ. ತಾಯಿ ಏನೂ ಕೇಳದೆ ಒಂದು ತುಂಡು ಬಟ್ಟೆ ಕೈಗಿಟ್ಟಳು.

"ಮಾತ್ರೆ ತಗೋತಿದೀರಾ?" ಕಣ್ಣೊರೆಸಿಕೊಂಡು ಕೇಳಿದೆ.

"ತಗೊಂಡ್ರೆ ನಿದ್ದೆ ಎಳೆಯುತ್ತೆ. ಹೊಲಿಗೆ ಸೊಟ್ಟ ಹೋಗುತ್ತೆ. ಒಂದಿನ ಬಿಟ್ಟು ಒಂದಿನ ತಗೋತೀನಿ."

"ಡಾಕ್ಟರಿಗೆ ಹಾಗಂತ ಹೇಳಿದೀರಾ?"

"ಬೈತಾರೆ."

"ನಾನು ಜೊತೆಗೆ ಬರ್ತೀನಿ. ಬೈದ್ರೆ ಇಬ್ಬರಿಗೂ ಬೈಯಲಿ. ದೊಡ್ಡ ಮೇಡಂಗೆ ಮಾತ್ರ ನಿಜ ಹೇಳಬೇಕಾಗುತ್ತೆ. ಬೇರೆ ಯಾರಿಗೂ ಇಲ್ಲ. ಹೇಳಲಾ?"

ಅವಳು ಮಗಳ ಮುಖ ನೋಡಿದಳು. ಹೂಂ ಎಂದು ತಲೆಯಾಡಿಸಿದಳು.

"ನಾಳೆಯಿಂದ ಇವಳು ಕಿಟಕಿ ಪಕ್ಕ," ಎಂದೆ. "ನೀವು ಕೈ ಬೀಸಿ. ಮೋಡ ಇದ್ರೂ ಕೈ ಕಾಣುತ್ತೆ."

"ಹಂಗಾದ್ರೆ ಕನ್ನಡಿ ತಗೊಂಡು ಹೋಗಿ ಟೀಚರ್. ಇನ್ನೊಬ್ಬರ ವಸ್ತು. ಸರ್ ಹೋದ ಮೇಲೆ, ವಾಪಸ್ ಕೊಟ್ಟು ಬಾ ಅಂತ ಶನಿವಾರವೇ ಇವಳ ಕೈಲಿ ಕಳಿಸಿದ್ದೆ. ಕೊಡದೆ ತಿರುಗಿ ತಂದಳು. ಯಾಕೆ ಅಂದ್ರೆ ಬಾಯಿ ಬಿಡಲ್ಲ."

ದೊಡ್ಡ ಮೇಡಂ ಬಿಲ್ಲೆ ನೋಡಿದರು, ಕನ್ನಡಿ ನೋಡಿದರು, ನಾನು ಹೇಳಿದ್ದನ್ನು ಕನ್ನಡಕ ತೆಗೆದು ಕೇಳಿದರು. ತಾತ ಬಾಗಿಲಲ್ಲಿ ಕೈಮುಗಿದು ನಿಂತಿದ್ದರು.

"ನನ್ನ ಮುಖಕ್ಕೆ ಬಿದ್ದ ಬೆಳಕು ಇದೇನಾ?" ಅಂದರು ಕೊನೆಗೆ. "ಅವತ್ತು ಇಡೀ ಏಳನೇ ಕ್ಲಾಸನ್ನ ಬಿಸಿಲಲ್ಲಿ ನಿಲ್ಲಿಸಿದ್ದೆನಲ್ಲಮ್ಮ!"

ಟಿಸಿಯನ್ನು ಎರಡು ಮಾಡಿದರು, ನಾಲ್ಕು ಮಾಡಿದರು, ಸಮಾಧಾನವಾಗದೆ ಎಂಟು ಮಾಡಿದರು. ರಾಕೆಟ್ ಒಂದೊಂದು ಸಲ ಹರಿದಾಗಲೂ ಕಣ್ಣರಳಿಸಿ ನೋಡಿದಳು. ತಾತ ಚೂರುಗಳನ್ನು ಬುಟ್ಟಿಗೆ ಹಾಕಿ, ಬೀರುವಿನ ಬೀಗ ತೆಗೆಯಲು ಮುಂದೆ ಹೋದರು.

ನಾನೂ ರಾಕೆಟ್ಟೂ ಹಿಂದೆ ಮೆಟ್ಟಿಲು ಹತ್ತಿದೆವು. ಅರ್ಧದಲ್ಲಿ ಅವಳು ನನ್ನ ಸೆರಗು ಜಗ್ಗಿದಳು.

"ಟೀಚರ್. ಇನ್ನು ಟಿಸಿ ಕೊಡಲ್ಲ ಅಲ್ವಾ?"

"ಇಲ್ಲ."

"ಏನು ಹೇಳಿದ್ರೂ ಕೊಡಲ್ಲ ಅಲ್ವಾ?"

ನಾನು ಮೆಟ್ಟಿಲ ಮೇಲೆ ಕೂತೆ. ಈಗ ಅವಳ ಮುಖ ನನ್ನ ಮುಖದ ಎತ್ತರಕ್ಕಿತ್ತು. "ಹೇಳು."

"ಶನಿವಾರ ಕನ್ನಡಿ ಇಡೋಕೆ ಬಂದೆ. ಬೀರು ತೆಗೆದೇ ಇತ್ತು. ಡ್ರಿಲ್ ಸರ್ ಒಳಗಿದ್ರು. ಬಲ್ಬ್ ಸರ್ ಪುಸ್ತಕ ಎಲ್ಲ ನೆಲದ ಮೇಲೆ ಹಾಕಿ ಒಂದೊಂದೇ ಕೊಡವ್ತಿದ್ರು. ನನ್ನ ನೋಡಿ, ಯಾರಿಗಾದ್ರೂ ಹೇಳಿದ್ರೆ ಟಿಸಿ ಕೊಡಿಸ್ತೀನಿ ಅಂದ್ರು. ನಾನು ಹೇಳಲಿಲ್ಲ. ಆದ್ರೂ ಕೊಡಿಸೋಕೆ ಬಂದ್ರು."

ಬೆಳಿಗ್ಗೆ ಡ್ರಿಲ್ ಮಾಸ್ಟರ್, ಕಾರಿಡಾರಿನ ಆ ತುದಿಯಲ್ಲಿದ್ದೆ ಎಂದಿದ್ದರು.

"ಏನು ಹುಡುಕ್ತಿದ್ರು?"

"ಗೊತ್ತಿಲ್ಲ. ಸಿಕ್ಕಿರಲಿಲ್ಲ. ಬೈಕೊಳ್ತಿದ್ರು."

ವಿಜ್ಞಾನ ಕೋಣೆಯಲ್ಲಿ ತಾತ ಬೀರು ತೆರೆದಿಟ್ಟಿದ್ದರು. ಪಕ್ಕದಲ್ಲಿ ಡ್ರಿಲ್ ಮಾಸ್ಟರ್ ನಿಂತಿದ್ದರು.

"ಸಿಕ್ತಂತಲ್ಲ ಮೇಡಂ! ಒಳ್ಳೇದಾಯ್ತು. ಪಾಪದ ಹುಡುಗಿ." ಕೈ ಚಾಚಿದರು. "ಕೊಡಿ, ನಾನಿಡ್ತೀನಿ. ಅಂದಹಾಗೆ, ಬಾಯಿ ಬಿಟ್ಟಳಾ? ಏನಾದ್ರೂ ಹೇಳಿದಳಾ?"

"ಅವಳು ಯಾವತ್ತು ಬಾಯಿ ಬಿಟ್ಟಿದಾಳೆ ಮಾಸ್ಟ್ರೇ?"

ಕನ್ನಡಿಯನ್ನು ಅವರ ಕೈಗೆ ಕೊಡಲಿಲ್ಲ. ಬಳಸಿಕೊಂಡು ಹೋಗಿ ಬೀರುವಿನ ಮುಂದೆ ನಿಂತೆ. ನನ್ನ ಗಂಡ ಒಯ್ದದ್ದು, ನಾನು ಇಡಬೇಕು.

ಏಳನೇ ಕೊಕ್ಕೆಗೆ ಎತ್ತಿ ಹಿಡಿದಾಗ ಕನ್ನಡಿಯಲ್ಲಿ ಬೆನ್ನ ಹಿಂದಿನ ಕೋಣೆ ಕಂಡಿತು. ಡ್ರಿಲ್ ಮಾಸ್ಟರ್ ನನ್ನನ್ನು ನೋಡುತ್ತಿರಲಿಲ್ಲ. ರಾಕೆಟ್ ಕಡೆ ಬಗ್ಗಿ, ತುಟಿಯ ಮೇಲೆ ಬೆರಳಿಟ್ಟಿದ್ದರು.

ನನ್ನ ಗಂಡ ಜಾರಿದ್ದನ್ನು ನೋಡಿದವರಿಲ್ಲ ಎಂಬುದು ಆಗ ನೆನಪಾಯಿತು. ನಾನು ಕನ್ನಡಿಯನ್ನು ಕೊಕ್ಕೆಗೆ ಹಾಕಿ, ಡ್ರಿಲ್ ಮಾಸ್ಟರ್ ಮುಖ ಕಾಣುವ ಹಾಗೆ ನೆಟ್ಟಗೆ ನಿಲ್ಲಿಸಿದೆ.